ಹತ್ತು ಹುಣಸೆ ಬೀಜ

ಬಿಳಿ ಬಟ್ಟೆಯಲ್ಲಿ ಒಂದೇ ಥರದ ಇಪ್ಪತ್ತು ಚೀಲ ಹೊಲಿದುಕೊಡು ಎಂದು ನೂರೈನ್ ಹೇಳಿದ್ದಳು. ತಿಪಟೂರಿನಲ್ಲೇ ಹೆಸರುವಾಸಿ ಟೈಲರ್ ಆದ ಅವಳ ತಾಯಿ ಶಾಹಿದಾ ಬೇಗಂ, ರವಿಕೆ ಹೊಲಿದು ಮಿಕ್ಕ ಚೂರುಪಾರುಗಳನ್ನೆಲ್ಲ ಸೇರಿಸಿ ಇಪ್ಪತ್ತು ಬಣ್ಣದ ಚೀಲ ಹೊಲಿದಿಟ್ಟಿದ್ದಳು. ಕೆಂಪು ಹೂವಿನದು, ನೀಲಿ ಪಟ್ಟೆಯದು, ಅರಿಸಿನದ ಮೇಲೆ ಕರಿ ಚುಕ್ಕಿಯದು. ಒಂದರಂತೆ ಇನ್ನೊಂದಿಲ್ಲ. "ಬಿಳೀದು ಕೊಟ್ರೆ ಜನ ಏನಂದ್ಕೋತಾರೆ, ಹೆಣದ ಬಟ್ಟೆ ಅಂತಾರೆ" ಎಂದು ತಾಯಿ ಮೆಷಿನ್ನಿನಿಂದ ತಲೆಯೆತ್ತದೆ ಹೇಳಿದಳು. ನೂರೈನ್ ಹಲ್ಲು ಕಚ್ಚಿಕೊಂಡು ಚೀಲಗಳನ್ನು ಎಣಿಸಿಕೊಂಡಳು. ಬೆಳಗಾದರೆ ಹೊರಡಬೇಕಿತ್ತು, ಬೇರೆ ಹೊಲಿಸಲು ಹೊತ್ತಿರಲಿಲ್ಲ.

ಅವಳ ಕೆಲಸ ಏನೆಂದು ಶಾಹಿದಾ ಬೇಗಂಗೆ ಎಷ್ಟು ಸಲ ಹೇಳಿದರೂ ತಲೆಗೆ ಹತ್ತಿರಲಿಲ್ಲ. ಅದು ತಾಯಿಯ ತಪ್ಪಲ್ಲ ಬಿಡಿ. ಮನುಷ್ಯರು ಯಾವಾಗ ಕೊಡುತ್ತಾರೆ, ಯಾವಾಗ ಬಚ್ಚಿಟ್ಟುಕೊಳ್ಳುತ್ತಾರೆ, ಪಕ್ಕದವನನ್ನು ನೋಡಿ ಯಾವಾಗ ಮನಸ್ಸು ಬದಲಾಯಿಸುತ್ತಾರೆ ಎಂಬುದನ್ನು ಲೆಕ್ಕದ ಸೂತ್ರದಲ್ಲಿ ಹಿಡಿಯಲು ಬೆಂಗಳೂರಿನಲ್ಲಿ ಒಂದು ಸಂಸ್ಥೆ, ಅದರಲ್ಲೊಬ್ಬ ಪ್ರೊಫೆಸರು, ಅವರ ಕೈಕೆಳಗೆ ಸಂಖ್ಯಾಶಾಸ್ತ್ರ ಓದಿದ ನೂರೈನ್. ಊರೂರಿಗೆ ಹೋಗಿ ಜನರಿಗೆ ಒಂದು ಆಟ ಆಡಿಸಬೇಕು. ಒಬ್ಬೊಬ್ಬರಿಗೂ ಹತ್ತು ಹುಣಸೆ ಬೀಜ ಇರುವ ಒಂದು ಚೀಲ. ಒಬ್ಬರೇ ಕೋಣೆಯೊಳಗೆ ಹೋಗಬೇಕು. ತಮಗೆ ಬೇಕಾದಷ್ಟು ಬೀಜ ಕೈಯಲ್ಲಿ ಉಳಿಸಿಕೊಂಡು, ಮಿಕ್ಕದ್ದನ್ನು ಚೀಲದ ಸಮೇತ ಸಾಮಾನ್ಯ ಪಾತ್ರೆಗೆ ಹಾಕಿ ಬರಬೇಕು. ಉಳಿಸಿಕೊಂಡ ಬೀಜ ಒಂದಕ್ಕೆ ಐದು ರೂಪಾಯಿ. ಪಾತ್ರೆಗೆ ಬಿದ್ದ ಬೀಜಕ್ಕೆ ಅದರ ಎರಡರಷ್ಟು, ಆದರೆ ಆ ದುಡ್ಡು ಎಲ್ಲರಿಗೂ ಸಮಪಾಲು. ಎಲ್ಲರೂ ಹಾಕಿದರೆ ಎಲ್ಲರಿಗೂ ಲಾಭ. ನಾನೊಬ್ಬ ಹಾಕದೆ ಮಿಕ್ಕವರು ಹಾಕಿದರೆ ನನಗೆ ಇನ್ನೂ ಲಾಭ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯಬಾರದು, ಅದಕ್ಕೇ ಬಿಳಿ ಚೀಲ. ಐದು ಊರು ಮುಗಿದಿದ್ದವು, ಅಷ್ಟರಲ್ಲಿ ಹಳೆಯ ಚೀಲಗಳು ಹರಿದಿದ್ದವು. ಐದರಲ್ಲೂ ಜನ ಹೆಚ್ಚುಕಡಿಮೆ ಅರ್ಧ ಕೊಟ್ಟು ಅರ್ಧ ಇಟ್ಟುಕೊಂಡಿದ್ದರು. ಆರನೆಯದೂ ಹಾಗೇ ಬಂದರೆ ಅವಳ ಸೂತ್ರ ನಿಲ್ಲುತ್ತದೆ, ಅವಳಿಗೆ ಪಿಎಚ್‌ಡಿ ಸೀಟು ಸಿಗುತ್ತದೆ.

ಆರನೆಯ ಊರು ಮಾಯಸಂದ್ರದಿಂದಾಚೆಗಿನ ಕಾಡಯ್ಯನಪಾಳ್ಯ. ಚಿಕ್ಕಪ್ಪನ ಮಗ ಜಾವೀದ್ ತನ್ನ ಓಮ್ನಿಯಲ್ಲಿ ಅವಳನ್ನು ಕರೆತಂದಿದ್ದ. ದಾರಿಯುದ್ದಕ್ಕೂ ನುಸಿ ಬಡಿದ ತೆಂಗಿನಕಾಯಿಗಳು ಕಂದು ಕಂದಾಗಿ ಸುಕ್ಕಿಕೊಂಡು ನೇತಾಡುತ್ತಿದ್ದವು. ಹಾಲಿನ ಡೇರಿ ಅಧ್ಯಕ್ಷ ವೀರಭದ್ರಯ್ಯ ಡೇರಿಯ ಕೋಣೆಯನ್ನೇ ಬಿಟ್ಟುಕೊಟ್ಟಿದ್ದ. ಪಾತ್ರೆಯ ಬದಲಿಗೆ ಒಂದು ದೊಡ್ಡ ಹಾಲಿನ ಕ್ಯಾನನ್ನು ತೊಳೆಸಿ ಇಡಿಸಿದ್ದ.

ಜನ ಆಗಲೇ ಸೇರಿದ್ದರು. ಬೇರೆ ಊರುಗಳಲ್ಲಿ ಬೀಡಿ ಹಚ್ಚಿಕೊಂಡು, ತಮಾಷೆ ಮಾಡಿಕೊಂಡು, ಕೊಟ್ಟಿಗೆಯಿಂದ ನೇರ ಎದ್ದು ಬಂದವರಂತೆ ಬರುತ್ತಿದ್ದರು. ಇಲ್ಲಿ ಎಲ್ಲರೂ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು ಬಂದಿದ್ದರು. ನೂರೈನ್‌ಗೆ ಅದು ವಿಚಿತ್ರವೆನಿಸಿತು. ಆದರೂ ಹಿಂದಿನ ಊರುಗಳಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು.

"ಒಬ್ಬೊಬ್ರೇ ಒಳಗೆ ಹೋಗಿ. ಕೈಯಲ್ಲಿ ಏನಿಟ್ಕೋಬೇಕೋ ಇಟ್ಕೊಳ್ಳಿ, ಏನು ಬಿಡಬೇಕೋ ಚೀಲದಲ್ಲಿ ಬಿಟ್ಟು ಕ್ಯಾನಿಗೆ ಹಾಕಿ. ಯಾರು ಏನು ಹಾಕಿದ್ರು ಅಂತ ಯಾರಿಗೂ ಗೊತ್ತಾಗಲ್ಲ. ಯಾರೂ ಕೇಳೋದೂ ಇಲ್ಲ."

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರಭದ್ರಯ್ಯ ಗಂಟಲು ಸರಿಮಾಡಿಕೊಂಡು, "ಕೇಳುಸ್ಕಂಡ್ರೇನ್ರಪ್ಪಾ? ಯಾರೂ ಕೇಳಾಕಿಲ್ಲ" ಎಂದು ಇನ್ನೊಮ್ಮೆ ಒತ್ತಿ ಹೇಳಿದ. ನೂರೈನ್‌ಗೆ ಅವನ ಮೇಲೆ ಅಭಿಮಾನವೇ ಬಂತು. ನಿಯಮವನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡ ಅಧ್ಯಕ್ಷ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ.

ಚೀಲ ಹಂಚುವಾಗ ಮಾತ್ರ ಸ್ವಲ್ಪ ನಗು ಎದ್ದಿತು. ಕೆಂಪು ಹೂವಿನ ಚೀಲ ವೀರಭದ್ರಯ್ಯನ ತಾಯಿ ಗುರುಸಿದ್ದಮ್ಮನ ಪಾಲಿಗೆ ಬಂತು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾದ ಮುದುಕಿ. "ನಂಗ್ಯಾಕವ್ವ ಕೆಂಪು, ಈ ವಯಸ್ನಾಗೆ" ಎಂದಳು. "ತಗಳಮ್ಮೋ, ಮದುವಣಗಿತ್ತಿ ಆಗು" ಎಂದು ಯಾವಳೋ ಅಂದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುದುಕಿ ನಗಲಿಲ್ಲ, ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

ಹತ್ತೊಂಬತ್ತು ಜನ ಆದರು. ಇನ್ನೊಬ್ಬರು ಬೇಕಿತ್ತು. ಡೇರಿಯ ಎದುರಿನ ಹೊಂಗೆ ಮರದ ಕೆಳಗೆ, ಎಲ್ಲರಿಂದ ದೂರ, ಒಬ್ಬ ಹೆಂಗಸು ಕೂತಿದ್ದಳು. ಸಿದ್ದಕ್ಕ ಅಂತ ಹೆಸರು. ವೀರಭದ್ರಯ್ಯನ ಮನೆಯ ಅಟ್ಟದಿಂದ ಕೊಬ್ಬರಿ ಇಳಿದಾಗ ಚಿಪ್ಪು ಬಿಡಿಸುವ ಕೆಲಸ ಅವಳದು. ನೂರೈನ್ ತಾನೇ ಅವಳ ಹತ್ತಿರ ಹೋದಳು.

"ನಾ ಒಲ್ಲೆ ಕಣವ್ವ. ನನ್ನ ಬುಟ್ಬುಡು."

"ಯಾಕೆ ಅಕ್ಕ? ಒಂದು ನಿಮಿಷದ ಕೆಲಸ."

"ನಾ ಒಳೀಕೆ ಹೋದ್ರೆ ಒಂದು ಅಂತಾರೆ, ಹೋಗ್ದಿದ್ರೆ ಇನ್ನೊಂದು ಅಂತಾರೆ."

ಇದು ಹಳ್ಳಿಯ ಹೆಂಗಸರ ಸಹಜ ಸಂಕೋಚ ಎಂದುಕೊಂಡಳು ನೂರೈನ್. ಇಪ್ಪತ್ತಾಗದಿದ್ದರೆ ಇಡೀ ದಿನ ನೀರುಪಾಲು. ಅವಳು ಸಿದ್ದಕ್ಕನ ಕೈ ಹಿಡಿದುಕೊಂಡು, "ನಾನಿದೀನಿ. ಯಾರಿಗೂ ಗೊತ್ತಾಗಲ್ಲ, ನನ್ನ ಮಾತು ನಂಬಿ" ಎಂದಳು. ಸಿದ್ದಕ್ಕ ಅವಳ ಮುಖವನ್ನು ತುಂಬ ಹೊತ್ತು ನೋಡಿ, ನೀಲಿ ಪಟ್ಟೆಯ ಚೀಲ ಇಸಿದುಕೊಂಡು ಎದ್ದಳು. ಅವಳು ಬರುವುದನ್ನು ಕಂಡು ಸಾಲಿನಲ್ಲಿದ್ದವರು ತುಸು ಸರಿದು ಜಾಗ ಬಿಟ್ಟರು. ಮರ್ಯಾದೆಗೆ ಸರಿದರೆಂದು ನೂರೈನ್ ತಿಳಿದುಕೊಂಡಳು. ಓದಿದವರಿಗೆ ಕೆಲವು ಸಲ ಕಣ್ಣಿಗೆ ರಾಚುವಂತೆ ಇರುವುದೂ ಕಾಣುವುದಿಲ್ಲ.

ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಹೋಗುವಾಗಲೂ ಬಿಗಿದ ಮುಖ, ಬರುವಾಗಲೂ ಬಿಗಿದ ಮುಖ. ಹೊರಗೆ ಓಮ್ನಿಯ ಹತ್ತಿರ ಜಾವೀದ್ ಐದರ ನೋಟುಗಳ ಕಂತೆ ಹಿಡಿದು ಬೀಜಕ್ಕೆ ದುಡ್ಡು ಕೊಡಲು ಕಾಯುತ್ತಿದ್ದ. ಒಬ್ಬರೂ ಅವನ ಕಡೆ ಸುಳಿಯಲಿಲ್ಲ. ಬದಲಿಗೆ ಬಂದವರೆಲ್ಲ ಎರಡೂ ಅಂಗೈಗಳನ್ನು ಅಗಲ ಮಾಡಿ ಎಲ್ಲರಿಗೂ ಕಾಣುವಂತೆ ತೋರಿಸಿ ಕೂರುತ್ತಿದ್ದರು. ಸಿದ್ದಕ್ಕ ಮಾತ್ರ ಹಾಗೆ ಮಾಡದೆ ಮರದ ಕೆಳಕ್ಕೆ ಹೋಗಿ ಕೂತಳು. ಅವಳ ಬಲಗೈ ಸೆರಗಿನೊಳಗಿತ್ತು.

ಎಲ್ಲ ಮುಗಿದ ಮೇಲೆ ನೂರೈನ್ ಮತ್ತು ಜಾವೀದ್ ಕ್ಯಾನನ್ನು ಎತ್ತಿಕೊಂಡು ಹೊಸ್ತಿಲು ದಾಟಿದರು. ಚೀಲಗಳನ್ನು ತಿಪಟೂರಿಗೆ ಒಯ್ದು ಮನೆಯಲ್ಲಿ ಎಣಿಸುವುದು, ಪಾಲಿನ ದುಡ್ಡನ್ನು ಮರುದಿನ ತಂದು ಹಂಚುವುದು ಅವಳ ಪದ್ಧತಿ.

"ಎಲ್ಲಿಗಮ್ಮ ತಗಂಡೋಯ್ತಿದೀರ?" ವೀರಭದ್ರಯ್ಯ ಅಡ್ಡ ನಿಂತ. "ಇಲ್ಲೇ ಸುರೀರಿ."

"ಇಲ್ಲಿ ಸುರಿಯೋ ಹಾಗಿಲ್ಲ ಸರ್. ಯಾರದು ಎಷ್ಟು ಅಂತ ಕಾಣಬಾರದು."

"ಬೀಜ ಯಾರಿಗ್ ಬೇಕ್ರೀ? ಬುಗುಡಿ ಬಿದ್ದೈತೋ ಇಲ್ವೋ ನೋಡ್ಬೇಕು."

"ಯಾವ ಬುಗುಡಿ?"

ಆಗ ಹತ್ತು ಬಾಯಿ ಒಟ್ಟಿಗೆ ತೆರೆದವು. ಮೂರು ವಾರದ ಹಿಂದೆ ಗುರುಸಿದ್ದಮ್ಮನ ಬಂಗಾರದ ಬುಗುಡಿ ಕಳೆದಿತ್ತು. ಅವಳ ತಾಯಿ ಕಾಲದ ಕಿವಿಯೊಡವೆ, ಜೋಡಿ. ಅವತ್ತು ಮನೆಯೊಳಗಿದ್ದ ಹೊರಗಿನವಳೆಂದರೆ ಸಿದ್ದಕ್ಕ ಒಬ್ಬಳೇ. ಅವಳ ಟ್ರಂಕನ್ನು ಬೀದಿಗೆ ತಂದು ಜಾಲಾಡಿದ್ದರು. ಗುಡಿಯ ಮುಂದೆ ಆಣೆ ಮಾಡಿಸಿದ್ದರು. ಸಿಕ್ಕಿರಲಿಲ್ಲ. ಅವತ್ತಿನಿಂದ ಅವಳನ್ನು ಯಾರೂ ಕೂಲಿಗೆ ಕರೆದಿರಲಿಲ್ಲ. ಇಂಥ ಹೊತ್ತಿನಲ್ಲಿ ಆ ಸೀಮೆಯಲ್ಲಿ ಹಿಂದಿನಿಂದ ಒಂದು ದಾರಿ ಇದೆ. ಮನೆಗೊಬ್ಬರು ಹಿಡಿ ತುಂಬ ಹಸಿಮಣ್ಣು ತಂದು, ಕತ್ತಲೆ ಕೋಣೆಗೆ ಒಬ್ಬೊಬ್ಬರೇ ಹೋಗಿ, ಒಂದೇ ಗುಡ್ಡೆಗೆ ಹಾಕಿ ಬರುತ್ತಾರೆ. ಕದ್ದವರು ಮಣ್ಣಿನೊಳಗೆ ಒಡವೆಯನ್ನು ಸೇರಿಸಿ ಹಾಕುತ್ತಾರೆ. ಆಮೇಲೆ ಎಲ್ಲರೆದುರು ಗುಡ್ಡೆ ಒಡೆಯುತ್ತಾರೆ. ಒಡವೆ ಸಿಗುತ್ತದೆ, ಕದ್ದವರು ಯಾರೆಂದು ಯಾರೂ ಕೇಳುವುದಿಲ್ಲ. ಹಿಂದಿನ ವಾರ ಅನುಮತಿ ಕೇಳಲು ಬಂದ ನೂರೈನ್ ಆಟವನ್ನು ವಿವರಿಸಿದಾಗಲೇ ವೀರಭದ್ರಯ್ಯನಿಗೆ ಇದು ಅದೇ ಎನಿಸಿತ್ತು. ಮಣ್ಣಿನ ಬದಲು ಬೀಜ, ಅಷ್ಟೆ. ಊರಿಗೆಲ್ಲ ಹಾಗೇ ಹೇಳಿದ್ದ.

ನೂರೈನ್ ಕ್ಯಾನಿನೊಳಗೆ ಇಣುಕಿದಳು. ಮಣ್ಣಾದರೆ ಎಲ್ಲರದೂ ಒಂದೇ ಬಣ್ಣ. ಈ ಕ್ಯಾನಿನೊಳಗಿರುವುದು ತನ್ನ ತಾಯಿ ಹೊಲಿದ ಇಪ್ಪತ್ತು ಬಣ್ಣ. ಇಲ್ಲಿ ಕೂತಿರುವ ಹೆಂಗಸರಿಗೆ ಯಾರ ಕೈಗೆ ಯಾವ ಬಟ್ಟೆ ಹೋಯಿತೆಂಬುದು ಕಂಠಪಾಠವಾಗಿರುತ್ತದೆ. ಸುರಿದು ಬಿಚ್ಚಿದರೆ ಬುಗುಡಿಯ ಜೊತೆಗೆ ಕದ್ದವರ ಹೆಸರೂ ಬೀಳುತ್ತದೆ. ಯಾರಿಗೂ ಗೊತ್ತಾಗಲ್ಲ ಎಂದು ಮಾತು ಕೊಟ್ಟವಳು ತಾನು. ಸಿದ್ದಕ್ಕನ ಕೈ ಹಿಡಿದು ಕೊಟ್ಟಿದ್ದಳು. ಆ ಕೈ ಇನ್ನೂ ಸೆರಗಿನೊಳಗೇ ಇತ್ತು.

"ಒಳಗೆ ಹೋಗಿ ನಾನು ಬಿಚ್ಚಿ ನೋಡ್ತೀನಿ. ಸಿಕ್ರೆ ತಂದು ಕೊಡ್ತೀನಿ" ಎಂದಳು.

"ನೀವೊಬ್ರೇನಾ?" ವೀರಭದ್ರಯ್ಯನ ದನಿ ಬದಲಾಯಿತು. "ಸಿಗ್ನಿಲ್ಲ ಅಂತ ಬಂದ್ರೆ ನಾವ್ ಯಾರ್ನ ಕೇಳನ?"

ಹಿಂದಿನಿಂದ ಯಾರೋ, "ಆ ಗಾಡಿ ಹುಡುಗನ್ನೂ ಹಿಡ್ಕಳ್ರಪ್ಪ" ಎಂದರು. ಇಬ್ಬರು ಗಂಡಸರು ಓಮ್ನಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಜಾವೀದ್ ನೋಟಿನ ಕಂತೆಯನ್ನು ಜೇಬಿಗಿಳಿಸಿ, "ಅಕ್ಕಾ, ಸುರಿದುಬಿಡು, ಹೋಗೋಣ" ಎಂದು ಮೆಲ್ಲಗೆ ಹೇಳಿದ. ಅವಳಿಗೂ ಭಯವಾಗಿತ್ತು. ಗುರುತಿಲ್ಲದ ಊರು, ಬೇರೆ ಜಾತಿಯ ಜನ, ಕಳೆದ ಬಂಗಾರ. ಮಾತು ಎಲ್ಲಿಗೆ ತಿರುಗುತ್ತದೆಂದು ಊಹಿಸಲು ಯಾವ ಸೂತ್ರವೂ ಬೇಕಿರಲಿಲ್ಲ.

"ಒಬ್ಳೇ ಬೇಡ. ಒಡವೆ ಯಾರದೋ ಅವರೇ ನನ್ನ ಜೊತೆ ಬರಲಿ. ಅಜ್ಜಿ ಬರಲಿ."

ಇದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಎದುರಾಡಿದ್ದು ಗುರುಸಿದ್ದಮ್ಮ ಒಬ್ಬಳೇ. "ನಾನ್ಯಾಕೆ ಮಗ, ನಂಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ, ನೀನೇ ನೋಡ್ಬುಡು" ಎಂದು ಕೂತಲ್ಲೇ ಕೂತಳು. ವೀರಭದ್ರಯ್ಯ ತಾಯಿಯ ರಟ್ಟೆ ಹಿಡಿದು ಎಬ್ಬಿಸಿ, ಕ್ಯಾನಿನ ಜೊತೆ ಒಳಗೆ ಬಿಟ್ಟು ಬಾಗಿಲೆಳೆದುಕೊಂಡ. ನೂರೈನ್ ಒಳಗಿನಿಂದ ಚಿಲಕ ಹಾಕಿದಳು.

ಕೋಣೆಯಲ್ಲಿ ಹುಳಿತ ಹಾಲಿನ ವಾಸನೆ. ಮೇಲಿನ ಗವಾಕ್ಷಿಯಿಂದ ಒಂದಿಷ್ಟು ಬೆಳಕು. ನೂರೈನ್ ಕ್ಯಾನನ್ನು ಬಗ್ಗಿಸಿ ಚೀಲಗಳನ್ನು ನೆಲಕ್ಕೆ ಹಾಕಿ ಒಂದೊಂದೇ ಲಾಡಿ ಬಿಚ್ಚತೊಡಗಿದಳು. ಮೊದಲನೆಯದರಲ್ಲಿ ಹತ್ತು ಬೀಜ. ಎರಡನೆಯದರಲ್ಲಿ ಹತ್ತು. ಮೂರನೆಯದರಲ್ಲೂ, ಆಮೇಲಿನವುಗಳಲ್ಲೂ ಹತ್ತು. ಐದು ಊರಿನಲ್ಲಿ ಹತ್ತಕ್ಕೆ ಹತ್ತು ಕೊಟ್ಟವರು ಬೆರಳೆಣಿಕೆಯಷ್ಟು. ಇಲ್ಲಿ ಪ್ರತಿಯೊಬ್ಬರೂ. ಈ ಅಂಕಿಗಳನ್ನು ನೋಡಿದರೆ ಪ್ರೊಫೆಸರು ಕುರ್ಚಿ ಬಿಟ್ಟು ಎದ್ದು ಕುಣಿದಾರು, ಸ್ವಾರ್ಥವೇ ಇಲ್ಲದ ಊರೊಂದು ಸಿಕ್ಕಿತೆಂದು ಪ್ರಬಂಧ ಬರೆದಾರು. ಅವಳಿಗೆ ಅಳು ಬರುವಂತಾಯಿತು. ಇದು ಔದಾರ್ಯವಾಗಿರಲಿಲ್ಲ, ಭಯವಾಗಿತ್ತು. ಕೈಯಲ್ಲಿ ಒಂದು ಬೀಜ ಉಳಿದರೂ ಕಳ್ಳತನ ಅಂಟಿಕೊಂಡೀತೆಂದು ಹೆದರಿ, ಅಂಗೈ ಕೊಡವಿ ಬಂದಿದ್ದರು.

ನೀಲಿ ಪಟ್ಟೆಯ ಚೀಲ ಕೈಗೆ ಬಂತು. ಬಿಚ್ಚಿದಳು. ಖಾಲಿ. ತಿರುಗಿಸಿ ಕೊಡವಿದಳು. ಬುಗುಡಿಯೂ ಇಲ್ಲ, ಬೀಜವೂ ಇಲ್ಲ.

ಕೊನೆಗೆ ಉಳಿದದ್ದು ಕೆಂಪು ಹೂವಿನದು. ಅವಳು ಕೈ ಚಾಚುವಷ್ಟರಲ್ಲಿ ಮುದುಕಿಯ ಕೈ ಅದರ ಮೇಲೆ ಬಂದು ಕೂತಿತು.

"ಅದ ಬುಡು ಮಗ. ಅದು ನಂದು ತಾನೆ, ಅದ್ರಾಗೇನ್ ನೋಡ್ತೀಯ."

ನೂರೈನ್ ಆ ಕೈಯನ್ನು ನೋಡಿದಳು. ಬಟ್ಟೆಯ ಕೆಳಗೆ ಬೀಜಕ್ಕಿಂತ ದೊಡ್ಡದೇನೋ ಗುಬುಟಾಗಿ ಕಾಣುತ್ತಿತ್ತು. ಮುದುಕಿಯೇ ಗೋಡೆಗೆ ಒರಗಿ ಕೂತು ಪಿಸುಗುಟ್ಟಿದಳು.

"ಕಂದಿಕೆರೆಗೆ ಕೊಟ್ಟಿರೋ ಮಗಳು ಬಂದಿದ್ಲು. ಬಂದಾಗೆಲ್ಲ ಬುಗುಡಿ ಕೇಳ್ತಾಳೆ ಅಂತ ರಾಗಿ ಗುಡಾಣದಾಗೆ ಬಚ್ಚಿಟ್ಟೆ. ಇಟ್ಟಿದ್ದೇ ಮರ್ತೋಯ್ತು. ಎಲ್ರೂ ಸಿದ್ದಿ ಅಂದ್ರು, ನಾನೂ ಸಿದ್ದಿ ಅಂದೆ. ಅವ್ಳ ಟ್ರಂಕು ಬೀದೀಗ್ ಹಾಕಿದ್ರು, ಆಣೆ ಮಾಡುಸುದ್ರು. ಆಮ್ಯಾಕೆ ಒಂದಿನ ರಾಗಿ ಮೊಗೆಯಾಕೆ ಹೋದ್ರೆ ಕೈಗೆ ಸಿಕ್ತು. ಇನ್ನ ಎಂಗ್ ಹೇಳ್ಳವ್ವ? ಯಾವ ಬಾಯಾಗೆ ಹೇಳ್ಳಿ?"

ಹೊರಗೆ ವೀರಭದ್ರಯ್ಯ ಬಾಗಿಲು ಬಡಿದ. "ಆಯ್ತೇನಮ್ಮ?"

"ಎಲ್ಲಾ ಚೀಲದ ಬೀಜ ಒಂದೇ ಗುಡ್ಡೆ ಸುರಿ ಮಗ" ಮುದುಕಿ ಅವಳ ಮೊಣಕೈ ಹಿಡಿದುಕೊಂಡಳು. "ಅದ್ರಾಗೆ ಬುಗುಡಿ ಹಾಕ್ಬುಡನ. ಯಾರ್ದು ಅಂತ ಗೊತ್ತಾಗಾಕಿಲ್ಲ. ನೀನೇ ಅಂದಿದ್ಯಲ್ಲ."

"ಗೊತ್ತಾಗುತ್ತೆ ಅಜ್ಜಿ" ಎಂದಳು ನೂರೈನ್. "ಸಿದ್ದಕ್ಕ ಅಂತ ಗೊತ್ತಾಗುತ್ತೆ."

ಅದು ಅವಳ ಬಾಯಿಂದ ತಾನಾಗಿ ಬಂದಿತ್ತು. ಬಂದಮೇಲೆ ಅದರ ಭಾರ ತಿಳಿಯಿತು. ಬುಗುಡಿ ಗುಡ್ಡೆಯಲ್ಲಿ ಸಿಕ್ಕರೆ ಯಾರೂ ಹೆಸರು ಹೇಳುವುದಿಲ್ಲ, ಎಲ್ಲರೂ ಮರದ ಕೆಳಗೆ ನೋಡುತ್ತಾರೆ. ಬರಲಾರೆ ಎಂದವಳನ್ನು ಕೈ ಹಿಡಿದು ಒಳಗೆ ಕಳಿಸಿದ್ದು ತಾನು. ಹೊರಗೆ ಹೋಗಿ ಇದ್ದದ್ದನ್ನು ಇದ್ದಂತೆ ಕೂಗಿಬಿಡಬೇಕೆನಿಸಿತು. ಆದರೆ ಗುಟ್ಟು ಕಾಯುವ ಮಾತನ್ನು ಅವಳು ಈ ಮುದುಕಿಗೂ ಕೊಟ್ಟಿದ್ದಳು. ಆ ಮಾತನ್ನು ನಂಬಿಯೇ ಅಲ್ಲವೆ ಬುಗುಡಿ ರಾಗಿ ಗುಡಾಣದಿಂದ ಇಲ್ಲಿಯವರೆಗೆ ಬಂದದ್ದು? ಯಾರ ಪರ ನಿಂತರೂ ಇನ್ನೊಬ್ಬರಿಗೆ ಮೋಸವಾಗುತ್ತಿತ್ತು. ಅವಳಿಗೆ ಪ್ರೊಫೆಸರ ಮೇಲೆ, ತಾಯಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು.

ವೀರಭದ್ರಯ್ಯ ಮತ್ತೆ ಬಾಗಿಲು ಬಡಿದ, ಈ ಸಲ ಜೋರಾಗಿ.

ಅವಳು ಕೆಂಪು ಚೀಲದ ಲಾಡಿಯನ್ನು ಬಿಗಿಯಾಗಿ ಕಟ್ಟಿ ಮುದುಕಿಯ ಕೈಗಿಟ್ಟಳು.

"ನಾನು ಯಾರಿಗೂ ಹೇಳಲ್ಲ ಅಜ್ಜಿ. ಆದ್ರೆ ಸುರಿದು ಮುಚ್ಚಾಕೋದಕ್ಕೆ ನನ್ನ ಕೈ ಕೊಡಲ್ಲ. ಏನು ಮಾಡ್ತೀರೋ ನೀವೇ ಮಾಡಿ."

ಚಿಲಕ ತೆಗೆದಳು.

ಬಿಸಿಲಿಗೆ ಬಂದ ಗುರುಸಿದ್ದಮ್ಮ ಕಣ್ಣು ಕಿರಿದು ಮಾಡಿಕೊಂಡು ನಿಂತಳು. ಚೀಲ ಹಿಡಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. "ಸಿಕ್ತು" ಎಂದಳು.

ಒಂದು ದೊಡ್ಡ ನಿಟ್ಟುಸಿರು ಹೊರಟಿತು. ಆಮೇಲೆ ನೂರೈನ್ ಹೆದರಿದ್ದಂತೆಯೇ ಆಯಿತು. ಒಬ್ಬರಾದ ಮೇಲೊಬ್ಬರು ಎಲ್ಲರೂ ಮರದ ಕಡೆ ತಿರುಗಿದರು. ವೀರಭದ್ರಯ್ಯ ಅತ್ತಲೇ ನೋಡುತ್ತ, ತುಂಬ ದೊಡ್ಡ ಮನಸ್ಸಿನವನಂತೆ, "ಶಿವ ದೊಡ್ಡೋನು. ಹೋಗ್ಲಿ ಬುಡ್ರಪ್ಪ, ಯಾರೋ ಏನೋ ತಪ್ಪು ಮಾಡ್ಕಂಡವ್ರೆ, ಬುದ್ಧಿ ಬಂದೈತೆ. ನಾಳೆಯಿಂದ ಕೆಲ್ಸಕ್ಕೆ ಬರ್ಲಿ, ನಾನೇನೂ ಬ್ಯಾಡ ಅನ್ನಾಕಿಲ್ಲ" ಎಂದ. ಸಿದ್ದಕ್ಕ ಎದ್ದು ನಿಂತಳು. ಅವಳು ಯಾರನ್ನೂ ನೋಡದೆ ನೇರ ನೂರೈನ್‌ಳನ್ನು ನೋಡಿದಳು.

ನೂರೈನ್ ಬಾಯಿ ತೆರೆದಳು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ನಿಶ್ಚಯಿಸಿಯೇ ತೆರೆದಳು.

ಅಷ್ಟರಲ್ಲಿ ಮುದುಕಿಯ ಕೈ ಸೆರಗಿನಿಂದ ಹೊರಗೆ ಬಂತು. ಕೆಂಪು ಹೂವಿನ ಚೀಲ ಲಾಡಿಯಿಂದ ನೇತಾಡುತ್ತಿತ್ತು. ಅವಳು ಅದನ್ನು ಎಲ್ಲರಿಗೂ ಕಾಣುವಷ್ಟು ಎತ್ತಿ ಹಿಡಿದಳು, ಆಮೇಲೆ ಬಿಚ್ಚಿ ಜೋಡಿ ಬುಗುಡಿಯನ್ನು ಅಂಗೈಗೆ ಸುರಿದುಕೊಂಡಳು. ಹುಣಸೆ ಬೀಜಗಳು ಕಾಲ ಬಳಿ ಚೆಲ್ಲಿದವು.

ಬೆಳಗ್ಗೆ ನಕ್ಕ ಹೆಂಗಸರು ಈಗ ನೆಲ ನೋಡಿದರು. ಗಂಡಸರಿಗೆ ಬಟ್ಟೆಯ ಗುರುತು ಎಲ್ಲಿಂದ ಬರಬೇಕು?

"ಅದ್ಯಾರ್ದವ್ವ ಚೀಲ?" ಎಂದ ವೀರಭದ್ರಯ್ಯ.

"ನಂದು ಕಣ್ಲಾ" ಎಂದಳು ತಾಯಿ. "ಕಳ್ದೇ ಇರ್ಲಿಲ್ಲ. ರಾಗಿ ಗುಡಾಣದಾಗಿತ್ತು. ನಾನೇ ಇಟ್ಟಿದ್ದೆ."

ಮುದುಕಿ ಎರಡು ಹೆಜ್ಜೆ ಮುಂದೆ ಹೋಗಿ, "ಸಿದ್ದಿ, ತಪ್ಪಾಯ್ತು ಕಣೇ" ಎಂದಳು. ಸಿದ್ದಕ್ಕ ಮರದಡಿಯಿಂದ ಹೊರಟು ಅವಳನ್ನು ದಾಟಿಕೊಂಡು ಬಂದಳು. ಓಮ್ನಿಗೆ ಬೆನ್ನು ಕೊಟ್ಟಿದ್ದ ಇಬ್ಬರು ತಾವಾಗಿಯೇ ಸರಿದರು. ಅವಳು ಜಾವೀದನ ಮುಂದೆ ನಿಂತು ಬಲಗೈ ಬಿಚ್ಚಿದಳು. ಬೆವರಿಗೆ ಹೊಳೆಯುತ್ತಿದ್ದ ಹುಣಸೆ ಬೀಜ, ಹತ್ತಕ್ಕೆ ಹತ್ತೂ.

"ಒಂದಕ್ಕೆ ಐದ್ರುಪಾಯಿ ಅಂದಿದ್ರಲ್ಲ. ಕೊಡಪ್ಪ."

ಜಾವೀದ್ ನೋಟು ಎಣಿಸತೊಡಗಿದ. ನೂರೈನ್ ಹತ್ತಿರ ಬಂದಳು. ಕ್ಷಮಿಸಿ ಎನ್ನಬೇಕೆಂದೇ ಬಂದವಳು, ಆದರೆ ಅಭ್ಯಾಸಬಲ, ಬಾಯಿಂದ ಬಂದದ್ದು ಪ್ರಶ್ನೆ.

"ಎಲ್ರೂ ಹತ್ತಕ್ಕೆ ಹತ್ತು ಹಾಕಿದ್ರು ಅಕ್ಕ. ನೀವೊಬ್ರೇ ಯಾಕೆ ಒಂದೂ ಹಾಕ್ಲಿಲ್ಲ?"

ಸಿದ್ದಕ್ಕ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ವಾಪಸ್ ಹಾಕಾಕೆ ನಾನೇನ್ ಕದ್ದಿದ್ನಾ?" ಎಂದಳು, ಮತ್ತು ಊರ ಕಡೆ ನಡೆದಳು.